ಬಚ್ಚಲೊಲೆಯಲ್ಲಿ ಕಾಯಿಸಿದ ಡಬ್ಬಿ ಕೋಳಿ

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವೀಡಿಯೋ ಹಾಕಿದ್ದರು. ಡಬ್ಬಿಯಲ್ಲಿ ಬರುವ ಮಾಂಸವನ್ನು ಮನೆಯಲ್ಲೇ ಗರಿಗರಿಯಾಗಿ ಹುರಿಯುವುದು ಹೇಗೆ ಅಂತ. ಚೆಂದದ ಒಬ್ಬ ಹುಡುಗಿ, ಅವಳಿಗಿಂತ ಚೆಂದದ ಅಡುಗೆಮನೆ, ಹಿಂದಿನಿಂದ ಪಿಟೀಲು ಬೇರೆ. ನಾನು ಕೆಳಗೆ ಬರೆದೆ: "ಇದಕ್ಕೆ ಸಂಗೀತ ಹಾಕಬಾರದು. ಸಂಗೀತ ಹಾಕಿದರೆ ಹುರಿಯುವವರಿಗೆ ಏನೂ ಕೇಳುವುದಿಲ್ಲ." ಯಾರಿಗೂ ಅರ್ಥವಾಗಲಿಲ್ಲ. ಮಗಳು ಫೋನ್ ಮಾಡಿ, ಅಮ್ಮಾ ಹುಷಾರಿದ್ದೀಯಾ ಅಂತ ಕೇಳಿದಳು. ಹಾಗಾಗಿ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಉದ್ದ ಆದರೆ ಓದಬೇಡಿ, ಒತ್ತಾಯ ಇಲ್ಲ.

ಎಂಬತ್ತರ ದಶಕದ ಮಾತು. ಕಾಪುವಿನಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪ ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವರು. ಮನೆಯಲ್ಲಿ ಅಮ್ಮ, ಅಮ್ಮನ ಅಮ್ಮ ಅಂದರೆ ನಮ್ಮ ಅಜ್ಜಿ, ಮತ್ತೆ ಹೈಸ್ಕೂಲಿಗೆ ಹೋಗುವ ನಾನು. ಅಮ್ಮನ ಒಬ್ಬನೇ ತಮ್ಮ, ನಮ್ಮ ಮಾವ, ಬಹರೈನಿನಲ್ಲಿ ಒಂದು ಕಟ್ಟಡ ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ. ಆ ವರ್ಷ ರಜೆಯಲ್ಲಿ ಬಂದ. ಬರುವಾಗ ತಂದದ್ದು ಒಂದು ಟೇಪ್ ರೆಕಾರ್ಡರ್, ಅಜ್ಜಿಗೆ ಹೊದೆಯಲು ಹುಲಿಯ ಚಿತ್ರದ ಕಂಬಳಿ, ಗೋಡೆಗೆ ಒಂದು ಮಿಣಮಿಣ ಹೊಳೆಯುವ ಕ್ಯಾಲೆಂಡರ್, ಮತ್ತು ಮೂರು ಡಬ್ಬಿ ಕೋಳಿಮಾಂಸ. ಕಾಪುವಿನ ಸೆಕೆಗೆ ಕಂಬಳಿ ಯಾಕೆ ಅಂತ ಯಾರೂ ಕೇಳಲಿಲ್ಲ. ಗಲ್ಫಿನಿಂದ ಬಂದವರು ಕಂಬಳಿ ತರಬೇಕು, ತರುತ್ತಿದ್ದರು, ಅಷ್ಟೆ.

ನಮ್ಮವರಲ್ಲಿ ಅಕ್ಕನ ಮನೆ ಅಂದರೆ ತಮ್ಮನದ್ದೇ ಮನೆ. ಅವನಿಗೆ ಮದುವೆ ಮಾಡಿಸಿ ಕಳಿಸುವುದು ಅಮ್ಮನ ತಲೆಮೇಲಿತ್ತು. ಅದೂ ರಜೆ ಮುಗಿಯುವ ಒಳಗೆ. ಹೋದ ರಜೆಯಲ್ಲಿ ಎರಡು ಸಂಬಂಧ ತಪ್ಪಿ ಹೋಗಿದ್ದವು. ಗಲ್ಫಿನಲ್ಲಿ ಹುಡುಗ ಎಂತ ಮಾಡುತ್ತಾನೋ ನೋಡಿದವರು ಯಾರು ಅಂತ ಅವರೆಲ್ಲ ಹಿಂದೆ ಸರಿದಿದ್ದರು. ಈ ಸಲವೂ ಆಗದಿದ್ದರೆ ಮುಂದಿನ ರಜೆಗೆ ಮಾವನ ತಲೆಯಲ್ಲಿ ಕೂದಲು ಉಳಿಯುವುದಿಲ್ಲ ಎಂದು ಅಮ್ಮ ನೇರವಾಗಿ ಅವನ ಮುಂದೆಯೇ ಹೇಳುತ್ತಿದ್ದಳು. ಮಾವ ಬಾಚಣಿಗೆ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಮೂರನೆಯ ಸಂಬಂಧ ತಂದವರು ನಮ್ಮೂರಿಗೆ ಬರುವ ಕಾರ್ಕಳ ಬಸ್ಸಿನ ಕಂಡಕ್ಟರ್. ಆ ಮನುಷ್ಯ ಟಿಕೆಟಿಗಿಂತ ಹೆಚ್ಚು ಜಾತಕ ಹರಿದವರು. ಹುಡುಗಿ ಕಾರ್ಕಳದವಳು, ಬಿ.ಎ. ಮುಗಿಸಿದ್ದಳು. ಅವಳ ಮನೆಯಲ್ಲಿ ಮಾತು ನಡೆಯುವುದು ಅವಳ ಸೋದರಮಾವನದ್ದು. ಬೊಂಬಾಯಿಯಲ್ಲಿ ಕ್ಯಾಂಟೀನ್ ಇಟ್ಟವರು, ಊರಿಗೆ ಬಂದು ಹೋಗುವವರು. ಅವರನ್ನು ನಾನು ಇಲ್ಲಿ ಹಿರಿಯರು ಅನ್ನುತ್ತೇನೆ. ಇಲ್ಲದಿದ್ದರೆ ಮಾವ ಮಾವ ಅಂತ ನಿಮಗೆ ಗೊಂದಲವಾಗುತ್ತದೆ.

ಹುಡುಗಿ ನೋಡಲು ನಾವು ಕಾರ್ಕಳಕ್ಕೆ ಹೋದೆವು. ಕಾಫಿ ಬಂತು, ಹುಡುಗಿ ಬಂದಳು, ಹೋದಳು, ಬಾಗಿಲ ಹಿಂದೆ ನಿಂತಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಗ ಹಿರಿಯರು, ಅಲ್ಲಿ ಊಟಕ್ಕೆ ಎಂತ ಮಾಡಿಕೊಳ್ಳುತ್ತೀರಿ ಎಂದು ಸುಮ್ಮನೆ ಕೇಳಿದರು. ಅನ್ನ ಸಾರು ಅಂದಿದ್ದರೆ ಮುಗಿಯುತ್ತಿತ್ತು. ನಮ್ಮ ಮಾವ ಬಾಗಿಲ ಕಡೆ ಒಮ್ಮೆ ನೋಡಿ, ಡಬ್ಬಿ ಕೋಳಿ ತಂದು ತಾನೇ ಕಾಯಿಸುತ್ತೇನೆ, ಹಪ್ಪಳದ ಹಾಗೆ ಕುರುಕುರು ಆಗುತ್ತದೆ ಅಂದುಬಿಟ್ಟ. ನಮ್ಮ ಕಡೆ ಕಾಯಿಸುವುದು ಅಂದರೆ ಎಣ್ಣೆಯಲ್ಲಿ ಹುರಿಯುವುದು.

ಹಿರಿಯರು ಕಾಫಿ ಲೋಟ ಕೆಳಗಿಟ್ಟರು. ಬೊಂಬಾಯಿಯಲ್ಲಿ ಅವರೂ ಡಬ್ಬಿ ಮಾಂಸ ಕಾಯಿಸಿ ನೋಡಿದವರಂತೆ, ಅದು ಯಾವತ್ತೂ ಮೆತ್ತಗೆ, ಒದ್ದೆ ಚಪ್ಪಲಿಯ ಹಾಗೆ ಆಗುತ್ತದಂತೆ. ಬೊಂಬಾಯಿಗೆ ಹೊರಡುವ ಮೊದಲು ಹೇಗೂ ಹುಡುಗನ ಮನೆ ನೋಡಲು ಬರುವುದುಂಟು, ಆಗ ಕಾಯಿಸಿ ತೋರಿಸಲಿ ಎಂದರು. ಆಮೇಲೆ ನಗುತ್ತಲೇ ಒಂದು ಮಾತು ಸೇರಿಸಿದರು.

"ಅವನು ಹೇಳಿದ್ದು ಅವನ ಕೈಯಲ್ಲಿ ಉಂಟಾ ಅಂತ ಗೊತ್ತಾಗ್ತದೆ. ಮತ್ತೆ ಮಾತಾಡುವ."

ಬಾಗಿಲ ಹಿಂದೆ ಹುಡುಗಿ ನಕ್ಕದ್ದು ನನಗೆ ಕೇಳಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ನಮ್ಮಿಂದ ದೂರ, ಹಿಂದಿನ ಸೀಟಿನಲ್ಲಿ ಕೂತ. ಕಾಪುವಿನಲ್ಲಿ ಇಳಿದು ಮನೆಯ ದಾರಿ ಹಿಡಿದ ಮೇಲೆ ಅಮ್ಮನ ಹತ್ತಿರ ಬಂದು ಹೇಳಿದ.

"ಅಕ್ಕ, ನಾನು ಕಾಯಿಸಿದವನಲ್ಲ. ನಾನು ಪಾತ್ರೆ ತೊಳೆದವನು."

ವಿಷಯ ಇಷ್ಟೆ. ಬಹರೈನಿನ ಕೋಣೆಯಲ್ಲಿ ಇದ್ದವರು ಇಬ್ಬರು. ಜೊತೆಗಿದ್ದ ಮಲಯಾಳಿ ಅಡುಗೆ ಮಾಡುವುದು, ಮಾವ ಪಾತ್ರೆ ತೊಳೆಯುವುದು, ಹಾಗೆಂದು ಒಪ್ಪಂದ. ಒಲೆ ಈ ಗೋಡೆಗೆ, ನಲ್ಲಿ ಆ ಗೋಡೆಗೆ. ನಾಲ್ಕು ವರ್ಷ ಅವನು ಕಾಯಿಸಿದ್ದಾನೆ, ಇವನು ಒಲೆಗೆ ಬೆನ್ನು ಹಾಕಿ ತಿಕ್ಕಿದ್ದಾನೆ. ಕಣ್ಣೆತ್ತಿ ನೋಡಿದವನಲ್ಲ.

"ಹಾಗಾದ್ರೆ ಅಲ್ಲಿ ಯಾಕೆ ಬಡಾಯಿ ಬಿಟ್ಟದ್ದು?"

"ಹುಡುಗಿ ಕೇಳ್ತಾ ಇದ್ದಳಲ್ಲ ಅಕ್ಕ."

ಅಮ್ಮ ನಡು ದಾರಿಯಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ತಾನು ಲಂಗ ಹಾಕುವ ವಯಸ್ಸಿನಿಂದ ಮೀನು ಕಾಯಿಸುತ್ತಿದ್ದೇನೆ, ಇದಕ್ಕೆ ಮುಳ್ಳು ಕೂಡ ಇಲ್ಲ, ಇದೇನು ಮಹಾ ಅಂದಳು. ನನಗೂ ಹೌದು ಅನ್ನಿಸಿತು. ಅಮ್ಮ ಕಾಯಿಸಿದ ಬಂಗುಡೆ ತಿನ್ನಲು ನೆಂಟರು ಕಾರಣ ಹುಡುಕಿ ಬರುತ್ತಿದ್ದರು.

ಮರುದಿನವೇ ಮೊದಲ ಡಬ್ಬಿ. ಅಜ್ಜಿ ಮೊದಲು ತಕರಾರು ತೆಗೆದಳು. ಒಳಗೆ ಇರುವುದು ಕೋಳಿಯೇ ಅಂತ ಗ್ಯಾರಂಟಿ ಎಂತ? ಮಾವ ಡಬ್ಬಿಯ ಮೇಲಿನ ಕೋಳಿಯ ಚಿತ್ರ ತೋರಿಸಿದ.

"ಬೆಂಕಿಪೆಟ್ಟಿಗೆ ಮೇಲೆ ಕುದುರೆ ಉಂಟು ಮಗ. ಒಳಗೆ ಉಂಟಾ?"

ಕೊನೆಗೆ ಅಪ್ಪ ಕನ್ನಡಕ ಹಾಕಿ ಇಂಗ್ಲಿಷ್ ಅಕ್ಷರ ಓದಿ, ಕೋಳಿಯೇ ಹೌದು ಎಂದು ಹೇಳಿದ ಮೇಲೆ ಅಜ್ಜಿ ಸುಮ್ಮನಾದಳು.

ಡಬ್ಬಿ ತೆರೆಯಲೆಂದು ಅದಕ್ಕೇ ಅಂಟಿಸಿದ್ದ ಸಣ್ಣ ಕೀಲಿ ತಿರುಗಿಸುವಾಗ ತುಂಡಾಯಿತು. ಅಮ್ಮ ಕತ್ತಿಯಲ್ಲಿ ಎಳೆನೀರು ಕೆತ್ತಿದ ಹಾಗೆ ಡಬ್ಬಿಯ ತಲೆ ಕೆತ್ತಿದಳು. ಒಳಗಿನಿಂದ ತೆಳು ಗುಲಾಬಿ ಬಣ್ಣದ ಒಂದು ಉಂಡೆ ಪಚಕ್ಕನೆ ಜಾರಿ ತಟ್ಟೆಗೆ ಬಿತ್ತು. ಸುತ್ತ ಲೋಳೆ. ಅಮ್ಮನ ಮುಖ ನೋಡಬೇಕಿತ್ತು. ಲೋಳೆ ಇದ್ದದ್ದನ್ನು ತೊಳೆಯದೆ ಕಾಯಿಸುವ ಹೆಂಗಸು ನಮ್ಮ ಕರಾವಳಿಯಲ್ಲಿ ಹುಟ್ಟಿಲ್ಲ. ತುಂಡು ಮಾಡಿ ತೊಳೆದಳು. ಮೂರು ನೀರಿನಲ್ಲಿ, ಉಪ್ಪು ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಬೇಯಿಸಿ ಅರೆದು ಡಬ್ಬಿಗೆ ತುಂಬಿದ ಮಾಂಸ ಅದು, ಸ್ಪಂಜಿನ ಹಾಗೆ ನೀರು ಕುಡಿಯಿತು. ಆಮೇಲೆ ಅರಸಿನ, ಮತ್ತೆ ಉಪ್ಪು, ಹುಣಸೆಹುಳಿ ಹಾಕಿ ಅರೆದ ಮೆಣಸಿನ ಮಸಾಲೆ. ಬಂಗುಡೆಗೆ ಏನೇನು ಮರ್ಯಾದೆ ಉಂಟೋ ಅದೆಲ್ಲ ಸಿಕ್ಕಿತು ಅದಕ್ಕೆ.

ಕಾವಲಿಗೆ ಹಾಕಿದ್ದೇ ಹಿಡಿದುಕೊಂಡಿತು. ಮಗುಚಲು ಹೋದರೆ ಮೇಲಿನದ್ದು ಸಟ್ಟುಗಕ್ಕೆ ಬಂತು, ಕೆಳಗಿನದ್ದು ಕಾವಲಿಯಲ್ಲೇ ಉಳಿಯಿತು. ಕೆರೆದು ಕೆರೆದು ತೆಗೆದಾಗ ಕೆಂಪು ಚಟ್ನಿ. ಸಂಜೆ ಅಪ್ಪ ಬಂದು ಗಂಜಿಗೆ ಅದನ್ನು ಹಾಕಿಕೊಂಡು, ಉಗುರಿನ ತುದಿಯಷ್ಟು ನಾಲಗೆಗೆ ಮುಟ್ಟಿಸಿ, ಒಂದು ಬಟ್ಟಲು ಗಂಜಿ ಕುಡಿದು, ಮತ್ತೆ ಮುಟ್ಟಿಸಿ, ಈ ಉಪ್ಪಿನಕಾಯಿ ಎಷ್ಟು ವರ್ಷ ಇಡಬಹುದು ಅಂತ ಕೇಳಿದರು. ಅಮ್ಮ ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ.

ಎರಡನೆಯ ಡಬ್ಬಿ ಒಡೆಯುವಾಗ ಎಲ್ಲರಿಗೂ ಹೆದರಿಕೆ. ಇದೂ ಕೆಟ್ಟರೆ ಉಳಿಯುವುದು ಒಂದೇ, ಹಿರಿಯರಿಗೆ ತೋರಿಸಬೇಕಾದದ್ದು. ಈ ಸಲ ತೊಳೆಯಲಿಲ್ಲ, ಮಸಾಲೆಯೂ ಇಲ್ಲ. ಅರ್ಧವನ್ನು ದಪ್ಪ ದಪ್ಪ ತುಂಡು ಮಾಡಿ ಬಾಣಲೆ ತುಂಬ ತೆಂಗಿನೆಣ್ಣೆಯಲ್ಲಿ ಬಿಟ್ಟರು. ಎಣ್ಣೆ ಸಿಡಿದು ಮಾವನ ಫಾರಿನ್ ಅಂಗಿಗೆ ಚುಕ್ಕೆ ಚುಕ್ಕೆ. ಹೊರಗೆ ಇದ್ದಲು, ಒಳಗೆ ಹಸಿ ಹಲ್ವ.

ಅಮ್ಮ ಒಲೆಯ ಮುಂದಿನಿಂದ ಎದ್ದು ಗೋಡೆಗೆ ಒರಗಿ ಕೂತಳು. ಕಾರ್ಕಳದವರಿಗೆ ಏನಾದರೂ ಕಾರಣ ಹೇಳಿ ಕಳಿಸುತ್ತೇನೆ, ಸಂಬಂಧ ಬೇಡ ಅಂತಲೇ ಹೇಳಿಬಿಡುತ್ತೇನೆ ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಸಿಂಕ್ ಗಿಂಕ್ ನಮ್ಮಲ್ಲಿ ಇರಲಿಲ್ಲ. ಮಾವ ಬಾಣಲೆ ಎತ್ತಿಕೊಂಡು ಹೊರಗೆ ಬಾವಿಕಟ್ಟೆಗೆ ಹೋಗಿ, ಬೂದಿ ಹಾಕಿ ತಿಕ್ಕಲು ಕೂತ. ಅಷ್ಟು ಚೆಂದ ತಿಕ್ಕುತ್ತಿದ್ದ, ನಿಜವಾಗಿ.

ತಿಕ್ಕುತ್ತಾ ತಿಕ್ಕುತ್ತಾ ಅವನ ಕೈ ನಿಂತಿತು. ಅಲ್ಲಿಂದಲೇ ಅಮ್ಮನನ್ನು ಕರೆದ. ಉಳಿದ ಅರ್ಧವನ್ನು ತೆಳ್ಳಗೆ ಕೊಯ್ದು, ಕಬ್ಬಿಣದ ಕಾವಲಿಗೆ ಸ್ವಲ್ಪವೇ ಎಣ್ಣೆ ಬಿಟ್ಟು ಇಡಬೇಕಂತೆ. ತಾನು ಅಡುಗೆಮನೆಗೆ ಬರುವುದಿಲ್ಲ, ಇಲ್ಲೇ ಬೆನ್ನು ಹಾಕಿ ಪಾತ್ರೆ ತಿಕ್ಕುತ್ತೇನೆ, ಅಂದ. ನಾಲ್ಕು ವರ್ಷ ಕಣ್ಣು ನೋಡದಿದ್ದರೂ ಕಿವಿ ಕೇಳಿದೆಯಲ್ಲ.

ಅಮ್ಮ ಇಟ್ಟಳು. ಶೊಂಯ್ ಅಂತ ಶುರುವಾಯಿತು. ಅಮ್ಮನ ಕೈಗೆ ತಡೆಯುವುದಿಲ್ಲ, ಮೀನಿನವರ ಕೈ ಅದು, ಸಟ್ಟುಗ ಹಿಡಿದು ಹೊರಟಳು. ಬಾವಿಕಟ್ಟೆಯಿಂದ ಮಾವ, ಮುಟ್ಟಬೇಡ ಅಂದ. ಶಬ್ದ ಜೋರಾಯಿತು, ಮುಟ್ಟಬೇಡ. ಸುಡುವ ವಾಸನೆ ಬರುತ್ತದೆ ಮಾರಾಯ ಅಂದಳು ಅಮ್ಮ, ಮುಟ್ಟಬೇಡ. ಇದ್ದಕ್ಕಿದ್ದಂತೆ ಜಡಿಮಳೆ ಹನಿಗೆ ಇಳಿದ ಹಾಗೆ ಶಬ್ದ ಸಣ್ಣ ಆಯಿತು. ತುಂಡಿನ ಒಳಗಿನ ನೀರೆಲ್ಲ ಮುಗಿದಿತ್ತು.

"ಈಗ ಮಗುಚು."

ಒಂದೂ ಹಿಡಿಯಲಿಲ್ಲ. ಬಂಗಾರದ ಬಣ್ಣ. ಪೂರ್ತಿ ಕುರುಕುರು ಅಲ್ಲ, ನಡುವೆ ಸ್ವಲ್ಪ ಮೆತ್ತಗೆ ಉಳಿದಿತ್ತು. ಅದಕ್ಕೆ ಅಮ್ಮ ಉಪಾಯ ಹೇಳಿದಳು. ಕಾಯಿಸುವ ಮೊದಲು ತುಂಡನ್ನು ಬಟ್ಟೆಯಲ್ಲಿ ಒರೆಸಿ ಒಂದು ಗಳಿಗೆ ಬಿಸಿಲಿಗೆ ಇಡುವುದು. ಒಣಮೀನಿನ ಊರಿನವರಿಗೆ ಅಷ್ಟು ಹೊಳೆಯದಿದ್ದರೆ ಹೇಗೆ? ನಾವು ಮೂವರೂ ಒಲೆಯ ಮುಂದೆಯೇ ನಿಂತು ಎಲ್ಲ ಖಾಲಿ ಮಾಡಿದೆವು. ಅಪ್ಪನಿಗೆ ಉಳಿಸಲಿಲ್ಲ.

ಹಿರಿಯರು ಬರುವ ದಿನ ಬಂತು. ಬೆಳಿಗ್ಗೆ ಮೀನಿನವಳು ಬರಲಿಲ್ಲ. ಮಲ್ಪೆಯಲ್ಲಿ ಮೀನು ಬಿದ್ದಿಲ್ಲವೋ ಏನೋ ಅಂತ ಅಮ್ಮ ಅಂದುಕೊಂಡಳು. ಕೊನೆಯ ಡಬ್ಬಿ ಒಡೆದು, ತೆಳ್ಳಗೆ ಕೊಯ್ದು, ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ, ಬಿದಿರಿನ ಗೆರಸೆಯಲ್ಲಿ ಹರಡಿ, ಕಾಗೆ ಮುಟ್ಟದ ಹಾಗೆ ಮೇಲೆ ಮೀನಿನ ಬಲೆಯ ತುಂಡು ಮುಚ್ಚಿ ಅಂಗಳದಲ್ಲಿ ಇಟ್ಟೆವು. ನಾನು ಕೋಲು ಹಿಡಿದು ಕಾವಲು. ಮಾವ ಬಿಳಿ ಪ್ಯಾಂಟು ಹಾಕಿ ತಯಾರು.

ಮಧ್ಯಾಹ್ನದ ಮೊದಲು ಟ್ಯಾಕ್ಸಿ ಬಂತು. ಹಿರಿಯರು, ಅವರ ತಂಗಿ ಅಂದರೆ ಹುಡುಗಿಯ ಅಮ್ಮ, ಮತ್ತೆ ಕಂಡಕ್ಟರ್, ಅವತ್ತು ಅವರಿಗೆ ರಜೆ. ಹುಡುಗಿಯ ಅಮ್ಮನ ಕೈಯಲ್ಲಿ ಮಲ್ಲಿಗೆಯ ದೊಡ್ಡ ಕಟ್ಟು. ಶಂಕರಪುರದಲ್ಲಿ ಇಳಿದು ಕೊಂಡದ್ದಂತೆ. ಅವರು ಒಳಗೆ ಬಂದು ಕೂತವರೇ ಸಣ್ಣ ಸ್ವರದಲ್ಲಿ, ಮಲ್ಲಿಗೆಗೆ ಇವತ್ತು ಯಾಕೆ ಇಷ್ಟು ರೇಟು ಅಂತ ಕೇಳಿದ್ದಕ್ಕೆ ಹೂವಿನವಳು ಹೇಳಿದಳು, ಇವತ್ತು ಸಂಕ್ರಮಣ ಅಂತೆ, ನಮಗೆ ಹೊಳೆಯಲೇ ಇಲ್ಲ ನೋಡಿ, ಅಂದರು.

ಸಂಕ್ರಮಣದ ದಿನ ನಮ್ಮವರ ಮನೆಯಲ್ಲಿ ಮೀನು ಮಾಂಸ ಒಲೆಗೆ ಏರುವುದಿಲ್ಲ. ದೈವಕ್ಕೆ ದೀಪ ಇಡುವ ದಿನ. ಅಜ್ಜಿ ಜನ್ಮದಲ್ಲಿ ಒಂದು ಸಂಕ್ರಮಣ ತಪ್ಪಿಸಿದವಳಲ್ಲ. ಆದರೆ ಅವಳಿಗೆ ಕಣ್ಣು ಮಂಜು, ದಿನಾ ನನ್ನ ಹತ್ತಿರ ಕ್ಯಾಲೆಂಡರ್ ನೋಡಿಸುತ್ತಿದ್ದಳು. ಎಲ್ಲರೂ ಗೋಡೆ ನೋಡಿದೆವು. ಮಾವ ತಂದ ಬಹರೈನಿನ ಕ್ಯಾಲೆಂಡರ್. ಅದರಲ್ಲಿ ನೀಲಿ ಸಮುದ್ರ ಉಂಟು, ದೊಡ್ಡ ಹಡಗು ಉಂಟು, ಶುಕ್ರವಾರಕ್ಕೆಲ್ಲ ಕೆಂಪು ಬಣ್ಣ ಉಂಟು. ಸಂಕ್ರಮಣ ಎಲ್ಲಿಂದ ಬರಬೇಕು? ಅಮ್ಮ ಎದ್ದು ಅದನ್ನು ಎತ್ತಿದಳು. ಅದೇ ಮೊಳೆಯಲ್ಲಿ, ಅದರ ಅಡಿಯಲ್ಲಿ, ಉಡುಪಿಯ ಅಂಗಡಿಯವರು ಕೊಟ್ಟ ಅದೇ ವರ್ಷದ ಕ್ಯಾಲೆಂಡರ್ ಮುಖ ಮುಚ್ಚಿಕೊಂಡು ನೇತಾಡುತ್ತಿತ್ತು. ಅದರಲ್ಲಿ ಸಂಕ್ರಮಣ ಸ್ಪಷ್ಟವಾಗಿತ್ತು. ಮೀನಿನವಳು ಯಾಕೆ ಬರಲಿಲ್ಲ ಅಂತ ಆಗ ಗೊತ್ತಾಯಿತು.

ಹಿರಿಯರಿಗೆ ಮರುದಿನ ಬೊಂಬಾಯಿ ಬಸ್ಸು. ಇನ್ನು ಬರುವುದು ಮುಂದಿನ ವರ್ಷ. ಮಾವನ ರಜೆ ಅಷ್ಟರಲ್ಲಿ ಮುಗಿದು, ಕೂದಲೂ ಮುಗಿದಿರುತ್ತದೆ. ಅಮ್ಮ ಮಾವನ ಮುಖ ನೋಡಿದಳು, ಮಾವ ಅಂಗಳದ ಗೆರಸೆ ನೋಡಿದ.

ಹಿರಿಯರೂ ಗೆರಸೆ ನೋಡಿದರು. ತುಂಬಾ ಹೊತ್ತು ನೋಡಿದರು. ಕ್ಯಾಂಟೀನಿನವರ ಕುತೂಹಲ ಸುಮ್ಮನೆ ಬಿಡುವುದಿಲ್ಲ.

"ತಿನ್ನುವುದು ಬೇಡ. ಕಾಯಿಸುವುದು ನೋಡಬಹುದು ಅಲ್ವಾ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಯೋಚಿಸಿದಳು. ಅಡುಗೆಮನೆಯಲ್ಲಿ ಆಗುವುದಿಲ್ಲ, ಅದು ನಿಶ್ಚಯ. ಅಂಗಳದಲ್ಲೂ ಇಲ್ಲ, ದೀಪ ಇಡುವ ಜಾಗ ಎದುರಿಗೇ ಉಂಟು. ಕೊನೆಗೆ ತೀರ್ಪು ಕೊಟ್ಟಳು: ಬಚ್ಚಲಲ್ಲಿ ಮಾಡಲಿ, ಅಲ್ಲಿ ನಡೆಯುವುದನ್ನೆಲ್ಲ ದೈವ ನೋಡಿಕೊಂಡು ಕೂರುವುದಿಲ್ಲ.

ಹಾಗೆ ನಮ್ಮ ಮಾವನ ಮದುವೆಯ ಮಾತುಕತೆ ಬಚ್ಚಲುಮನೆಗೆ ಹೋಯಿತು. ಮನೆಯ ಹಿಂದೆ ತೆಂಗಿನ ಮರದ ಬುಡದಲ್ಲಿ ಸ್ನಾನದ ಕೋಣೆ, ನೀರು ಕಾಯಿಸುವ ಹಂಡೆಯ ಒಲೆ. ಹಂಡೆ ಇಳಿಸಿ, ಹಳೆಯ ಕಾವಲಿ ಇಟ್ಟು, ನಾನು ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಹಚ್ಚಿದೆ. ಹಿರಿಯರಿಗೆ ಬಾಗಿಲ ಹೊರಗೆ ಕುರ್ಚಿ. ಮಾವ ಬಿಳಿ ಪ್ಯಾಂಟು ಮಡಚಿ ಕುಕ್ಕರುಗಾಲಿನಲ್ಲಿ ಕೂತ. ಅವನ ಪಕ್ಕದಲ್ಲಿ ಸಾಬೂನು, ತಲೆಯ ಮೇಲೆ ಒಣಗಲು ಹಾಕಿದ ಅಪ್ಪನ ಬನಿಯನ್. ಹೊಗೆಯಲ್ಲಿ ಅವನ ಕಣ್ಣಿನಿಂದ ಧಾರೆ ಧಾರೆ ನೀರು, ಏನೂ ಕಾಣುತ್ತಿರಲಿಲ್ಲ. ಅವನಿಗೆ ಕಾಣಬೇಕಂತಲೂ ಇರಲಿಲ್ಲ.

ಶೊಂಯ್ ಅಂತ ಶುರುವಾಯಿತು. ಕಂಡಕ್ಟರ್ ಏನೋ ಸಲಹೆ ಕೊಡಲು ಬಾಯಿ ತೆರೆದರು, ಹಿರಿಯರು ಕೈ ಎತ್ತಿ ನಿಲ್ಲಿಸಿದರು. ಶಬ್ದ ಜೋರಾಯಿತು. ಅಮ್ಮನ ಕೈ ತನ್ನಷ್ಟಕ್ಕೆ ಸಟ್ಟುಗ ಹಿಡಿದ ಹಾಗೆ ಗಾಳಿಯಲ್ಲಿ ಮಗುಚುತ್ತಿತ್ತು, ಅವಳಿಗೇ ಗೊತ್ತಿರಲಿಲ್ಲ. ಮಾವ ಕಣ್ಣು ಮುಚ್ಚಿ ಕೂತಿದ್ದ. ಸರಿಯಾಗಿ ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನವನು ಹಾರನ್ ಹಿಡಿದ ಕೈ ಬಿಡದೆ ಹೋದ. ಮಾವ ಕಾವಲಿಗೆ ಕಿವಿ ತಾಗಿಸುವಷ್ಟು ಬಗ್ಗಿದ. ಹಾರನ್ ದೂರ ಹೋಯಿತು. ಸಣ್ಣ ಸ್ವರದಲ್ಲಿ ಚಿಟಿ ಚಿಟಿ ಕೇಳಿತು. ಆಗ ಮಗುಚಿದ.

ಹಿರಿಯರು ಕುರ್ಚಿಯಿಂದ ಮುಂದೆ ಬಾಗಿದರು.

"ಇಷ್ಟು ಹೊತ್ತು ಯಾಕೆ ಮುಟ್ಟಲಿಲ್ಲ?"

"ಶಬ್ದ ಸಣ್ಣ ಆಗ್ಬೇಕಲ್ಲ."

ತುಂಡುಗಳು ಆರಿದವು. ಇವತ್ತು ತಿನ್ನುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ. ಹಿರಿಯರು ಒಂದನ್ನು ಮುರಿ ಅಂದರು. ಮಾವ ಎದ್ದು ಹೋಗಿ ಅವರ ಬಲಗಿವಿಯ ಹತ್ತಿರ ಹಿಡಿದು ಮುರಿದ. ಟಕ್. ಇನ್ನೊಂದು ಅಂದರು. ಟಕ್. ಎಡಗಿವಿಗೆ ಬಾ ಅಂದರು, ಬಲಗಿವಿ ಬೊಂಬಾಯಿಯ ರೈಲಿಗೆ ಹಾಳಾಗಿದೆಯಂತೆ. ಟಕ್. ಸಂತೆಯಲ್ಲಿ ಮಡಕೆ ಬಡಿದು ಕೊಳ್ಳುವವರ ಹಾಗೆ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. ಅಷ್ಟು ಮಾಂಸ ಮುರಿದರೂ ಅಲ್ಲಿ ತಿಂದದ್ದು ನಮ್ಮ ಬೆಕ್ಕು ಮಾತ್ರ. ಅದಕ್ಕೆ ಸಂಕ್ರಮಣ ಇಲ್ಲ.

ಕಾಯಿಸಿದ್ದು ನೋಡಿದೆ, ಕೇಳಿದೆ, ಉಳಿದದ್ದು ಬಾಯಿ ಹೇಳಬೇಕು ಎಂದು ಹಿರಿಯರು ಎದ್ದರು. ನಾಳೆ ಬೆಳಿಗ್ಗೆ ಬಸ್ಸಿಗೆ ಮೊದಲು ತಿಂದು ನೋಡುತ್ತಾರಂತೆ. ಉಳಿದ ತುಂಡುಗಳನ್ನು ಅಮ್ಮ ಹಾಲಿನ ಪುಡಿಯ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಳ ಹಾಕಲು ಹೊರಟಳು. ಡಬ್ಬಿ ವಾಪಸ್ ಕೊಡುವುದು ಕಷ್ಟ ಎಂದು ಹುಡುಗಿಯ ಅಮ್ಮ ಬಾಳೆಲೆಯಲ್ಲಿ ಕಟ್ಟಿಸಿಕೊಂಡು, ನಮ್ಮ ಕಣ್ಣೆದುರೇ ಆ ಕಟ್ಟನ್ನು ಮಲ್ಲಿಗೆಯ ಚೀಲದೊಳಗೆ ಇಟ್ಟರು. ನಮಗೆ ಕೊಟ್ಟು ಉಳಿದ ಮಲ್ಲಿಗೆ, ಬಾಡದ ಹಾಗೆ ನೀರು ಚಿಮುಕಿಸಿದ್ದು, ತೊಟ ತೊಟ ಹನಿಯುತ್ತಿತ್ತು. ಟ್ಯಾಕ್ಸಿ ಹೋಯಿತು. ಅಮ್ಮ ಗೇಟು ಹಿಡಿದು ನಿಂತೇ ಇದ್ದಳು. ಕಾರ್ಕಳ ಮುಟ್ಟುವಾಗ ಅದು ಒದ್ದೆ ಚಪ್ಪಲಿ ಆಗಿರುತ್ತದೆ, ಹೋಯಿತು ಈ ಸಂಬಂಧವೂ, ಅಂದಳು.

ಮರುದಿನ ಸಂಜೆ ಅಮ್ಮ, ಮಾವ, ನಾನು ಹೆದ್ದಾರಿಯ ಬದಿಯಲ್ಲಿ ಕಾರ್ಕಳ ಬಸ್ಸಿಗೆ ಕಾದೆವು. ಮನೆಗೆ ಬರಿ ಉಪ್ಪು ತರಲು ಬಂದದ್ದು ಅಂತ ಅಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಉಪ್ಪಿಗೆ ಮೂರು ಜನ. ಬಸ್ಸು ಬಂತು. ತಡವಾಗಿತ್ತಂತೆ, ಸರಿಯಾಗಿ ನಿಲ್ಲಲೂ ಇಲ್ಲ. ಕಂಡಕ್ಟರ್ ಮೆಟ್ಟಿಲಿನಲ್ಲಿ ನೇತಾಡಿಕೊಂಡೇ, ಬಸ್‌ಸ್ಟ್ಯಾಂಡಿನ ಜನರಿಗೆಲ್ಲ ಕೇಳುವ ಹಾಗೆ ವಿಷಯ ಹೇಳಿದರು. ಬೆಳಿಗ್ಗೆ ಬಾಳೆಲೆ ಬಿಚ್ಚಿದರೆ ತುಂಡೆಲ್ಲ ಮೆತ್ತಗಾಗಿ, ಮಲ್ಲಿಗೆ ಪರಿಮಳ ಬೇರೆ. ಹುಡುಗಿಯ ಅಮ್ಮ ಬಿಸಾಡಲು ಹೊರಟರಂತೆ. ಹುಡುಗಿ ಅವರ ಕೈಯಿಂದ ಕಸಿದುಕೊಂಡು, ಒಣ ಕಾವಲಿಯ ಮೇಲೆ ಹಾಕಿ, ಹಿರಿಯರು ಬಂದು ಹೇಳಿದ್ದು ನೆನಪಿಟ್ಟು ಶಬ್ದ ಸುಮ್ಮನಾಗುವವರೆಗೆ ಬಿಟ್ಟು, ಮತ್ತೆ ಕುರುಕುರು ಮಾಡಿದಳಂತೆ. ಹಿರಿಯರು ತಿಂದು ಬಸ್ಸು ಹತ್ತಿದರಂತೆ.

"ಅವರು ಎಂತ ಹೇಳಿದರು?" ಅಮ್ಮ ಬಸ್ಸಿನ ಜೊತೆ ಓಡುತ್ತಾ ಕೇಳಿದಳು.

"ಅವರು ಹುಡುಗಿಯನ್ನು ಕೇಳಿ ಅಂದ್ರು ಅಕ್ಕ."

"ಹುಡುಗಿ ಎಂತ ಹೇಳಿದಳು?"

"ಉಪ್ಪು ಜಾಸ್ತಿ. ಹುಡುಗ ಅಡ್ಡಿಲ್ಲ."

ರೈಟ್ ಅಂತ ಗಂಟೆ ಹೊಡೆದು ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಾವ ಕಿಸೆಯಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

ರಜೆ ಮುಗಿಯುವ ಮೊದಲೇ ಮದುವೆ ಆಯಿತು. ಮುಹೂರ್ತಕ್ಕೆ ದಿನ ನೋಡುವಾಗ ಅಜ್ಜಿ ಎರಡೂ ಕ್ಯಾಲೆಂಡರ್ ತರಿಸಿದಳು. ಮುಂದಿನ ವರ್ಷ ಆ ಹುಡುಗಿ, ಅಂದರೆ ಈಗ ನಮ್ಮ ಅತ್ತೆ, ಬಹರೈನಿಗೆ ಹೋದಳು. ಅವಳು ಹೋಗಿ ವಾರದೊಳಗೆ ಆ ಮಲಯಾಳಿ ಗೆಳೆಯ ಊಟಕ್ಕೆ ಬಂದು, ನಿಮ್ಮ ಗಂಡನಷ್ಟು ಚೊಕ್ಕವಾಗಿ ಪಾತ್ರೆ ತೊಳೆಯುವವರು ಈ ದ್ವೀಪದಲ್ಲೇ ಇಲ್ಲ ಎಂದು ಹೊಗಳಿ ಹೋದನಂತೆ. ಅತ್ತೆ ಜಗಳ ಮಾಡಲಿಲ್ಲ. ಸ್ಕ್ರಬ್ಬರ್ ತಂದು ಮಾವನ ಕೈಗೆ ಕೊಟ್ಟಳು.

ಈಗ ಅವರು ಮಣಿಪಾಲದಲ್ಲಿ ಫ್ಲ್ಯಾಟಿನಲ್ಲಿದ್ದಾರೆ. ಮಾವನ ಕೂದಲು ಹೋಗಿದೆ, ಅಮ್ಮ ಹೇಳಿದ ಹಾಗೆಯೇ. ಡಬ್ಬಿ ಕೋಳಿ ಈಗ ಅಲ್ಲಿಯ ಸೂಪರ್ ಮಾರ್ಕೆಟಿನಲ್ಲೇ ಸಿಗುತ್ತದೆ, ಹೋದ ಭಾನುವಾರ ನಾನೇ ತೆಗೆದುಕೊಂಡು ಹೋಗಿದ್ದೆ. ಅತ್ತೆ ಕಾವಲಿಗೆ ಇಟ್ಟಳು. ಮಾವ ಸಿಂಕಿನ ಮುಂದೆ, ಒಲೆಗೆ ಬೆನ್ನು ಹಾಕಿ, ಲೋಟ ತೊಳೆಯುತ್ತಿದ್ದ. ನಾನು ಏನೋ ಹೇಳಲು ಹೊರಟೆ, ಅತ್ತೆ ಸುಮ್ಮನಿರು ಅಂತ ಕೈ ಮಾಡಿದಳು. ಮಾವ ನಲ್ಲಿ ನಿಲ್ಲಿಸಿದ. ತಲೆ ಸ್ವಲ್ಪ ಓರೆ ಮಾಡಿದ.

"ಈಗ ಮಗುಚು," ಅಂದ, ತಿರುಗಿ ನೋಡದೆ.